ಯಾರೂ ಮುಟ್ಟದ ಐದು ಸಾಮಾನು

ಇಡೀ ದಿನದ ಗೋಳಿಗೆಲ್ಲ ಕಾರಣ ಒಂದೇ ಒಂದು ಮಾತು. ಆಡಿದವಳು ಜಿಂಕೆ ಅಕ್ಕ. ಆಡಿದ್ದು ಅಂಚೆ ಕಚೇರಿಯಲ್ಲಿ, ಪಾರ್ಸಲ್ ತೂಗುವ ತಕ್ಕಡಿಯ ಹಿಂದೆ ಕುಳಿತು. ಕೇಳಿಸಿಕೊಂಡವರು ವ್ಯಾಯಾಮಶಾಲೆಯ ಕಾರ್ಯದರ್ಶಿಗಳು.

"ಅಲ್ಲಮ್ಮಾ, ನಿಮ್ಮ ದೊಡ್ಡ ಟೀಚರ್ ಊರು ಬಿಡೋವಾಗ ರಿದಮಿಕ್ ಜಿಮ್ನಾಸ್ಟಿಕ್ಸಿನ ಹಳೇ ಸಾಮಾನೆಲ್ಲ ನಿಮ್ಮ ಕೈಗೇ ಕೊಟ್ಟು ಹೋದ್ರಂತೆ. ಇನ್ನೂ ಇದೆಯಾ ಅದೆಲ್ಲ?" ಎಂದು ಅವರು ತಮ್ಮ ಪಾರ್ಸಲಿಗೆ ಅಂಟು ಹಚ್ಚುತ್ತಾ ಕೇಳಿದ್ದರು.

"ಇಲ್ಲದೆ ಏನು ಸಾರ್? ಬಟ್ಟೆ ಸುತ್ತಿ ಬೀರುವಿನಲ್ಲಿ ಇಟ್ಟಿದ್ದೀನಿ. ಇವತ್ತಿನವರೆಗೂ ಒಬ್ಬರ ಬೆರಳೂ ಸೋಕಿಲ್ಲ."

ಸುಳ್ಳು ಹೇಳಿ ಅಭ್ಯಾಸವಿಲ್ಲದವರಿಗೆ ಅಳತೆ ತಿಳಿಯುವುದಿಲ್ಲ. "ಇದೆ" ಎಂದಿದ್ದರೆ ಸಾಕಾಗಿತ್ತು. ಬೀರು, ಬಟ್ಟೆ, ಬೆರಳು ಇವೆಲ್ಲ ಅನವಶ್ಯಕವಾಗಿ ಮೇಲೆ ಸುರಿದ ಸಕ್ಕರೆ. ಆ ಸಕ್ಕರೆಗೇ ಇರುವೆ ಹತ್ತಿತು.

ಅದಾಗಿ ಕೆಲವು ದಿನಕ್ಕೆ, ಬೆಳಗ್ಗೆ ಬೆಳಗ್ಗೆಯೇ ಕಾರ್ಯದರ್ಶಿಗಳ ಫೋನು ಬಂತು.

"ಅಮ್ಮಾ, ಒಳ್ಳೇ ಸುದ್ದಿ! ನಿಮ್ಮ ಟೀಚರ್ ಇವತ್ತು ಸಂಜೆ ಬರ್ತಿದ್ದಾರೆ. ಶಾಲೇಲಿ ಗಾಜಿನ ಪೆಟ್ಟಿಗೆ ಮಾಡಿಸಿದ್ದೀವಿ, ಇತಿಹಾಸ ವಿಭಾಗ ಅಂತ. ಆ ಐದೂ ಸಾಮಾನು ತಂದುಬಿಡಿ. ಇನ್ನೊಂದು ವಿಷಯ, ಹೆಣ್ಣುಮಕ್ಕಳ ಕ್ಲಾಸು ಮತ್ತೆ ಶುರು ಮಾಡ್ತಿದ್ದೀವಿ. ಯಾರು ನಡೆಸಬೇಕು ಅನ್ನೋದನ್ನ ಟೀಚರೇ ಆರಿಸ್ತಾರೆ. ನೀವು ಇಷ್ಟು ಜೋಪಾನ ಮಾಡಿರೋದನ್ನ ನಾನು ಅವರಿಗೆ ಆಗಲೇ ಹೇಳಿದ್ದೀನಿ."

ಜಿಂಕೆ ಅಕ್ಕ ಫೋನು ಇಟ್ಟು ಗೋಡೆಗೆ ಒರಗಿದಳು. ಸಂತೋಷವೂ ಭಯವೂ ಒಟ್ಟಿಗೇ ಎದೆಯೊಳಗೆ ನುಗ್ಗಿ ಒಂದೇ ಕುರ್ಚಿಗೆ ಜಗಳವಾಡಿದವು.

ಜಿಂಕೆ ಎಂಬ ಹೆಸರನ್ನು ಕೊಟ್ಟವರು ದೊಡ್ಡ ಟೀಚರೇ. ಆಗ ಅವಳು ಹುಡುಗಿ. ಹಾರಿದರೆ ನೆಲಕ್ಕೆ ಇಳಿಯುವ ಮನಸ್ಸೇ ಇಲ್ಲದವಳಂತೆ ಹಾರುತ್ತಿದ್ದಳು. ಈಗ ಮೆಟ್ಟಿಲು ಹತ್ತಿದರೆ ಅವಳು ಬರುವ ಸುದ್ದಿಯನ್ನು ಮೊಣಕಾಲುಗಳು ಮೊದಲೇ ಮೇಲಕ್ಕೆ ಕಳಿಸುತ್ತವೆ. ಆದರೂ ಬೀದಿಗೆಲ್ಲ ಅವಳು ಜಿಂಕೆ ಅಕ್ಕನೇ. ಭಗವಂತ ಮೈಯನ್ನು ಬದಲಾಯಿಸುತ್ತಾನೆ, ಅಡ್ಡಹೆಸರಿನ ತಂಟೆಗೆ ಹೋಗುವುದಿಲ್ಲ.

ಆ ಕಾಲದ ಶಾಲೆಯ ಮರದ ನೆಲ ಇವತ್ತಿಗೂ ಅವಳ ಅಂಗಾಲಿಗೆ ನೆನಪಿದೆ. ಎತ್ತರದ ಕಿಟಕಿಯಿಂದ ಇಳಿಯುವ ಬಿಸಿಲಿನಲ್ಲಿ ಧೂಳು ಕೂಡ ತಾಳಕ್ಕೆ ಕುಣಿಯುತ್ತಿತ್ತು. ಸಂಗೀತಕ್ಕೆ ತಕ್ಕಂತೆ ಆಡುವ ಈ ಆಟದ ಸ್ಪರ್ಧೆಗೆ ಒಂದೇ ವಾದ್ಯ ನುಡಿಸಬೇಕೆಂಬ ನಿಯಮವಿದ್ದ ದಿನಗಳು ಅವು. ಮೂಲೆಯಲ್ಲಿ ಒಂದು ಪಿಯಾನೋ. ಅದರಲ್ಲೊಂದು ಸ್ವರದ ಮನೆ ಮೂಕವಾಗಿತ್ತು. ನುಡಿಸುತ್ತಿದ್ದವರು ಟೀಚರ ಯಜಮಾನರು. ಮೂಕ ಸ್ವರ ಬಂದಾಗಲೆಲ್ಲ ಪಿಯಾನೋದ ಮುಚ್ಚಳಕ್ಕೆ ಟಕ್ ಎಂದು ಬೆರಳಿನಿಂದ ಬಡಿದು ಮುಂದೆ ಸಾಗುತ್ತಿದ್ದರು. ಹುಡುಗಿಯರಿಗೆ ಆ ಟಕ್ ಎಷ್ಟು ರೂಢಿಯಾಗಿತ್ತೆಂದರೆ, ಬೇರೆ ಊರಿನ ಸ್ಪರ್ಧೆಯಲ್ಲಿ ಒಳ್ಳೆಯ ಪಿಯಾನೋ ನುಡಿದಾಗ ಎಲ್ಲರೂ ಆ ಜಾಗದಲ್ಲಿ ತಪ್ಪಿದರು.

ಸಾಮಾನು ಐದು. ತುದಿಗಳಲ್ಲಿ ಬರೀ ಗಂಟು ಹಾಕಿದ, ಹಿಡಿಯಿಲ್ಲದ ಸೆಣಬಿನ ಹಗ್ಗ. ಹೂಪ್ ಎನ್ನುವ ಮರದ ದೊಡ್ಡ ಬಳೆ. ರಬ್ಬರ್ ಚೆಂಡು. ಉದ್ದ ಕತ್ತಿನ ಸೀಸೆಯಂತಿರುವ ಮರದ ಕ್ಲಬ್ಬುಗಳ ಜೋಡಿ. ಕೋಲಿನ ತುದಿಗೆ ಕಟ್ಟಿದ ಉದ್ದನೆಯ ಸ್ಯಾಟಿನ್ ರಿಬ್ಬನ್. ಟೀಚರ್ ಒಂದೊಂದರ ಕತೆಯನ್ನೂ ಅಜ್ಜಿಕತೆಯಂತೆ ಹೇಳುತ್ತಿದ್ದರು. ಬಹಳ ಹಿಂದೆ ದೂರದ ದೇಶಗಳಲ್ಲಿ ತೋಳು ಗಟ್ಟಿಯಾಗಲೆಂದು ಸಿಪಾಯಿಗಳು ಬೀಸುತ್ತಿದ್ದ ಕ್ಲಬ್ಬು ಹೆಣ್ಣುಮಕ್ಕಳ ಕೈಗೆ ಬಂದು ಹೇಗೆ ಹಗುರಾಯಿತು, ಕವಾಯತಿನವರೂ ಕುಣಿತದವರೂ ಸೇರಿ ಇದನ್ನು ಹೇಗೆ ಕಟ್ಟಿದರು ಎಂದೆಲ್ಲ. ಜಿಂಕೆ ಇನ್ನೂ ಶಾಲೆಯಲ್ಲಿದ್ದಾಗ ಈ ಆಟ ಒಲಿಂಪಿಕ್ಸಿಗೆ ಸೇರಿತು. ಆ ದಿನ ಟೀಚರ್ ಎಲ್ಲರಿಗೂ ಮಿಠಾಯಿ ಹಂಚಿ, ತಾವೇ ಅತ್ತಿದ್ದರು. ಈಗ ಬಳೆ ಪ್ಲಾಸ್ಟಿಕ್ಕಿನದು, ಕ್ಲಬ್ಬೂ ಅದರದೇ. ಹಗ್ಗವಂತೂ ದೊಡ್ಡವರ ಸ್ಪರ್ಧೆಯಿಂದ ಮಾಯವೇ ಆಗಿದೆಯಂತೆ.

ಆ ಐದನ್ನೂ ಕೈಗಿತ್ತು ಟೀಚರ್ ಹೋದ ಮೇಲೆ ಮದುವೆ, ಮಕ್ಕಳು, ಅಂಚೆ ಕಚೇರಿ. ಜಿಂಕೆ ಅಕ್ಕನಿಗೆ ಒಂದು ದೋಷ: ಕೇಳಿದವರಿಗೆ ಇಲ್ಲ ಎನ್ನಲು ಬಾರದು. ಒಂದೊಂದಾಗಿ ಐದೂ ಬೀರು ಬಿಟ್ಟು ಬೀದಿಗಿಳಿದಿದ್ದವು. ವಾಪಸು ಕೇಳುವ ನಾಲಿಗೆಯೂ ಅವಳಿಗಿರಲಿಲ್ಲ.

ಮೊದಲು ಹತ್ತಿರದ್ದರಿಂದ ಶುರು ಮಾಡಿದಳು. ರೈಲ್ವೆ ಗಾರ್ಡ್ ಕೆಲಸದಿಂದ ನಿವೃತ್ತರಾದ ಅವಳ ಯಜಮಾನರು ಪಡಸಾಲೆಯಲ್ಲಿ ಪೇಪರ್ ಓದುತ್ತಿದ್ದರು. ಬೆನ್ನಿಗೂ ಕುರ್ಚಿಗೂ ನಡುವೆ ಚೆಂಡು.

"ಸ್ವಲ್ಪ ಏಳ್ರೀ, ಚೆಂಡು ಬೇಕು."

"ಚೆಂಡು ತಗೊಂಡ್ರೆ ನನ್ನ ಬೆನ್ನಿನ ಗತಿ?"

"ಬೆನ್ನು ನಿಮ್ಮದು, ಚೆಂಡು ಟೀಚರದು."

ಎದ್ದಾಗ ನೋಡಿದರೆ ಚೆಂಡು ಒಂದು ಕಡೆ ಚಪ್ಪಟೆಯಾಗಿ, ಕೆನ್ನೆ ಊರಿ ಮಲಗಿ ಎದ್ದ ಮಗುವಿನ ಮುಖದ ಹಾಗಿತ್ತು.

ಕ್ಲಬ್ಬುಗಳಲ್ಲೊಂದು ಅಡಿಗೆಮನೆಯಲ್ಲಿ ಅತ್ತೆಯ ಕೈಯಲ್ಲಿ ಮೆಣಸು ಕುಟ್ಟುತ್ತಿತ್ತು. ಇನ್ನೊಂದು ಬೀದಿ ತಿರುವಿನ ಸೈಕಲ್ ರಿಪೇರಿಯವನ ಹತ್ತಿರ, ಮಡ್‌ಗಾರ್ಡಿನ ನೆಗ್ಗು ತೆಗೆಯುವ ಉದ್ಯೋಗದಲ್ಲಿತ್ತು.

"ಇದು ಇತಿಹಾಸನಾ?" ಅತ್ತೆ ಕ್ಲಬ್ಬನ್ನು ತಿರುಗಿಸಿ ನೋಡಿದರು. "ಇಷ್ಟು ವರ್ಷ ಕುಟ್ಟಿದ್ದೀನಿ, ಒಂದು ದಿನ ಬಾಯಿಬಿಟ್ಟು ಹೇಳಲಿಲ್ಲ ನೋಡು ನೀನು!"

ಸೈಕಲ್ಲಿನವನ ಅಂಗಡಿಯಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟಾಗ ಜಿಂಕೆ ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಒಂದು ಮೆಣಸಿನ ಬಣ್ಣ, ಒಂದು ಗ್ರೀಸಿನ ಬಣ್ಣ. ಅವಳಿ ಮಕ್ಕಳನ್ನು ಬೇರೆ ಬೇರೆ ಮನೆಗೆ ದತ್ತು ಕೊಟ್ಟು ಮತ್ತೆ ಕರೆಸಿದಂತಿತ್ತು.

"ಅದಕ್ಯಾಕೆ ಅಳ್ತೀರಕ್ಕಾ? ಒಂದು ಕೈ ಬಣ್ಣ ಹೊಡೆದರೆ ದೇವರಿಗೂ ಗುರುತು ಸಿಗಲ್ಲ," ಎಂದು ಅವನು ಸೈಕಲ್ಲಿಗೆ ಬಳಿಯುವ ಕೆಂಪು ಬಣ್ಣದ ಡಬ್ಬಿ ತೆರೆದ. ಬೇಡ ಎನ್ನುವಷ್ಟರಲ್ಲಿ ಎರಡೂ ಮದುಮಕ್ಕಳಂತೆ ಕೆಂಪಾಗಿದ್ದವು. "ಸಂಜೆಯೊಳಗೆ ಒಣಗುತ್ತೆ, ನನ್ನ ಮಾತು ನಂಬಿ."

ಪಕ್ಕದ ಕ್ಷೌರದಂಗಡಿಯವನು ರಿಬ್ಬನ್ ಕೇಳಿದೊಡನೆ ಕತ್ತರಿ ಕೆಳಗಿಟ್ಟು ತಲೆ ತಗ್ಗಿಸಿದ. "ಅಕ್ಕಾ, ಅಂಗಡಿ ಉದ್ಘಾಟನೆಗೆ ಅಂತಲೇ ನೀವು ಕೊಟ್ಟಿದ್ದು. ಉದ್ಘಾಟನೆ ಅಂದ ಮೇಲೆ..."

"ಕತ್ತರಿಸಿದ್ರಾ?"

"ನಾನಲ್ಲ, ಮುಖ್ಯ ಅತಿಥಿಗಳು. ನಾನು ಕತ್ತರಿ ಮಾತ್ರ ಕೊಟ್ಟೆ."

ಎರಡು ತುಂಡನ್ನೂ ಅವನು ಕನ್ನಡಿಯ ಎಡಬಲಕ್ಕೆ ಕಟ್ಟಿ ಅಂದ ಮಾಡಿದ್ದ. ಜಿಂಕೆ ಅಕ್ಕ ಅಲ್ಲೇ ಕ್ಷೌರದ ಕುರ್ಚಿಯಲ್ಲಿ ಕೂತು ಸೂಜಿ ದಾರ ಹಿಡಿದು ಹೊಲಿದಳು. ಸರದಿ ಕಾಯುತ್ತಿದ್ದವರು "ಇವರದು ಕಟಿಂಗೋ ಶೇವಿಂಗೋ?" ಎಂದು ಪಿಸುಗುಟ್ಟಿಕೊಂಡರು.

ಎದುರುಮನೆಯ ನರ್ಸಮ್ಮನ ಮಹಡಿಯಲ್ಲಿ ಆ ಸೆಣಬಿನ ಹಗ್ಗದ ಮೇಲೆ ಆಸ್ಪತ್ರೆಯ ಬಿಳಿ ಉಡುಪುಗಳು ನೇತಾಡುತ್ತಿದ್ದವು. ನರ್ಸಮ್ಮ ದೂಸರಾ ಮಾತಿಲ್ಲದೆ ಬಿಚ್ಚಿಕೊಟ್ಟಳು; ಅಷ್ಟೇ ಆಗಿದ್ದರೆ ಚೆನ್ನಾಗಿತ್ತು. "ಹೀಗೇ ಕೊಟ್ರೆ ಹೇಗೆ? ಕಾಗೆ ಕೂತ ಹಗ್ಗ. ಕುದಿಸಿಬಿಡೋಣ, ಕ್ರಿಮಿಯೆಲ್ಲ ಸಾಯುತ್ತೆ," ಎಂದು ದೊಡ್ಡ ಪಾತ್ರೆಯಲ್ಲಿ ಅದ್ದಿಯೇ ಬಿಟ್ಟಳು. ಕ್ರಿಮಿ ಸತ್ತವೋ ಇಲ್ಲವೋ, ಹಗ್ಗ ಮಾತ್ರ ಕುಗ್ಗಿ, ಪುಟ್ಟ ಮಗುವಿನ ಅಳತೆಗೆ ಬಂತು.

ಉಳಿದದ್ದು ಬಳೆ. ಅದು ಬೀದಿಯವರೆಲ್ಲ ರೇಡಿಯೋ ಅತ್ತಿಗೆ ಎನ್ನುವವಳ ಮನೆಯಲ್ಲಿತ್ತು. ಬೆಳಗಾದರೆ ಶುರುವಾಗಿ ದೀಪ ಆರಿಸುವವರೆಗೂ ನಿಲ್ಲದ ಬಾಯಿ ಅವಳದು. ಅದಕ್ಕೇ ಆ ಹೆಸರು. ಮೊಮ್ಮಗುವಿನ ಸೊಳ್ಳೆಪರದೆಗೆ ಕಟ್ಟಲು ದುಂಡನೆಯದೊಂದು ಬೇಕೆಂದು ಒಯ್ದಿದ್ದಳು.

"ಬಳೇನಾ? ಇವತ್ತೇ ಬೇಕಾ ಅಕ್ಕಾ?" ಅತ್ತಿಗೆಯ ಮುಖ ಸಣ್ಣಗಾಯಿತು. "ನಾಳೆ ಕೊಟ್ರೆ ಆಗಲ್ವಾ?"

"ಸೊಳ್ಳೆಪರದೆಗೆ ಬೇರೆ ಬಳೆ ನಾನೇ ತಂದುಕೊಡ್ತೀನಿ ಕಣೇ."

"ಪರದೆ ಮಾತಲ್ಲ..." ಎಂದು ಅತ್ತಿಗೆ ಮೊದಲ ಬಾರಿಗೆ ಮಾತನ್ನು ಅರ್ಧಕ್ಕೆ ನಿಲ್ಲಿಸಿದಳು. ಒಳಗೆ ಹೋಗಿ ಬಳೆಯನ್ನು, ಗಂಡನ ಮನೆಗೆ ಮಗಳನ್ನು ಕಳಿಸುವವಳಂತೆ ತಂದುಕೊಟ್ಟಳು. ಜಿಂಕೆ ಅಕ್ಕನಿಗೆ ಅದನ್ನೆಲ್ಲ ಯೋಚಿಸಲು ಪುರುಸೊತ್ತು ಎಲ್ಲಿ?

ಸುದ್ದಿ ಬೀದಿಗೆಲ್ಲ ಹರಡಿ, ಮಧ್ಯಾಹ್ನಕ್ಕೆ ಎಲ್ಲರೂ ಅವಳ ಪಡಸಾಲೆಯಲ್ಲಿ ನೆರೆದರು. ಅಕ್ಕನ ಕಾರ್ಯಕ್ರಮ ಎಂದ ಮೇಲೆ ತಾವೂ ಹೊರಟವರೇ.

"ನೋಡಿ," ಜಿಂಕೆ ಅಕ್ಕ ಕೈ ಜೋಡಿಸಿದಳು. "ನನಗೆ ಬೇರೇನೂ ಬೇಡ. ಆ ಕ್ಲಾಸು ಒಂದು ಸಿಕ್ಕಿದ್ರೆ ಸಾಕು. ಅಲ್ಲಿ ಯಾರು ಏನು ಕೇಳಿದ್ರೂ ಒಂದೇ ಮಾತು. ಏನು?"

"ಬೆರಳೂ ಸೋಕಿಲ್ಲ!" ಎಂದು ಬೀದಿಗೆ ಬೀದಿಯೇ ಒಪ್ಪಿಸಿತು.

"ನನ್ನನ್ನೂ ಕೇಳ್ತಾರಾ?" ಅತ್ತೆ ಅನುಮಾನಪಟ್ಟರು.

"ಕೇಳಿದ್ರೆ ನಿಮಗೂ ಅದೇ, ಅತ್ತೆ."

ಸಂಜೆ ಶಾಲೆಯ ಬಾಗಿಲು ದಾಟಿದಾಗ ಜಿಂಕೆ ಅಕ್ಕನ ಕಾಲು ತಾನಾಗಿ ನಿಧಾನವಾಯಿತು. ಮರದ ನೆಲ ಹೋಗಿ ನುಣುಪು ಹಾಸು ಬಂದಿತ್ತು. ಪಿಯಾನೋ ಇದ್ದ ಮೂಲೆಯಲ್ಲಿ ನೀರಿನ ಯಂತ್ರ. ಕಿಟಕಿಗಳು ಮಾತ್ರ ಅವೇ. ಬಿಸಿಲೂ ಅದೇ ಇಳಿಜಾರಿನಲ್ಲಿ, ಯಾರನ್ನೋ ಹುಡುಕುವಂತೆ ನೆಲದ ಮೇಲೆ ಮಲಗಿತ್ತು. ಒಂದು ಗಳಿಗೆ ಅವಳು ಕಣ್ಣು ಮುಚ್ಚಿ ಮನಸ್ಸಿನಲ್ಲೇ ಕೈಮುಗಿದಳು.

ವ್ಯಾಯಾಮಶಾಲೆಯ ಅಧ್ಯಕ್ಷರು ಗಾಜಿನ ಪೆಟ್ಟಿಗೆಯ ಪಕ್ಕದಲ್ಲಿ ಸೂಟು ತೊಟ್ಟು ನಿಂತಿದ್ದರು. "ಓಹೋ, ರಿಬ್ಬನ್ ತಂದೇಬಿಟ್ಟಿದ್ದೀರಿ!" ಎಂದು ಅದನ್ನು ಕಿತ್ತುಕೊಂಡು ಪೆಟ್ಟಿಗೆಗೆ ಅಡ್ಡವಾಗಿ ಹಿಡಿಸಿ, ಕತ್ತರಿ ತೆರೆದರು.

"ಸಾರ್! ಅದು ಇತಿಹಾಸ!" ಎಂದು ಕ್ಷೌರದಂಗಡಿಯವನು ಹಾರಿ ಕತ್ತರಿಯನ್ನೇ ಹಿಡಿದುಕೊಂಡ. "ಅದನ್ನ ಒಂದ್ಸಲ ಕತ್ತರಿಸಿ..." ಜಿಂಕೆ ಅಕ್ಕ ಅವನ ಕಾಲು ತುಳಿದಳು.

ಅಧ್ಯಕ್ಷರು ಮುಜುಗರದಿಂದ ಕ್ಲಬ್ಬುಗಳನ್ನು ಎತ್ತಿಕೊಂಡರು, ಎತ್ತಿಕೊಂಡೇ ಉಳಿದರು. ಬಣ್ಣ ಒಣಗಿರಲಿಲ್ಲ. ಕೈ ಕೊಡವಿದರೂ ಬಿಡದು. ಮೂಗಿನ ಹತ್ತಿರ ಬಂದ ಕ್ಲಬ್ಬಿನಿಂದ ಕೆಂಪು ಬಣ್ಣದ ಒಳಗಿದ್ದ ಮೆಣಸು ತನ್ನ ಸಾಕ್ಷಿ ಹೇಳಿತು. ಅವರು ಸೀನಿದ ರಭಸಕ್ಕೆ ಕನ್ನಡಕ ಹಾರಿ ಚೆಂಡಿನ ಮೇಲೆ ಬಿತ್ತು. ಚೆಂಡು ಉರುಳಬೇಕಿತ್ತು, ಚಪ್ಪಟೆ ಕೆನ್ನೆಯ ಮೇಲೆ ಸುಮ್ಮನೆ ಕುಳಿತೇ ಇತ್ತು.

ಅಷ್ಟರಲ್ಲಿ ದೊಡ್ಡ ಟೀಚರ್ ಬಂದರು.

ಕೋಲೂರಿಕೊಂಡು ಬಂದ ಆ ಪುಟ್ಟ ದೇಹ ಜಿಂಕೆ ಅಕ್ಕನ ಭುಜದಷ್ಟೇ ಎತ್ತರವಿತ್ತು. ಹಿಂದೆ ಇವರನ್ನು ತಲೆಯೆತ್ತಿ ನೋಡುತ್ತಿದ್ದುದು ಅವಳಿಗೆ ನೆನಪಾಯಿತು. ಬಗ್ಗಿ ಕಾಲು ಮುಟ್ಟಿದಳು. ಮೊಣಕಾಲು ಕಿರುಗುಟ್ಟಿದ್ದು ಸಭೆಗೆಲ್ಲ ಕೇಳಿಸಿತು.

"ಜಿಂಕೇ," ಟೀಚರ್ ನಕ್ಕರು. "ನಿನ್ನ ಮೊಣಕಾಲು ನಮ್ಮವರ ಪಿಯಾನೋಗಿಂತ ಚೆನ್ನಾಗಿ ನುಡಿಯುತ್ತಲ್ಲ!"

ಆಮೇಲೆ ಸಾಮಾನುಗಳ ಕಡೆ ತಿರುಗಿದರು. ಹಗ್ಗವನ್ನು ಎಳೆದು ನೋಡಿದರು. ರಿಬ್ಬನ್ನಿನ ಹೊಲಿಗೆಯ ಮೇಲೆ ಬೆರಳಾಡಿಸಿದರು.

"ಇವನ್ನೆಲ್ಲ ಎಲ್ಲಿಟ್ಟಿದ್ದೆ?"

"ಬೀರುವಿನಲ್ಲಿ, ಟೀಚರ್."

"ಯಾವಾಗಲಾದ್ರೂ ತೆಗೀತಿದ್ದೆ, ಅಲ್ವಾ?"

"ಒಂದು ದಿನವೂ ಇಲ್ಲ, ಟೀಚರ್. ಬೆರಳೂ ಸೋಕಿಲ್ಲ."

ಟೀಚರ ಮುಖದ ನಗು ಒಂದು ಮೆಟ್ಟಿಲು ಕೆಳಗಿಳಿಯಿತು. ಅವರಿಗೆ ಅನುಮಾನ ಬಂತೆಂದುಕೊಂಡಳು ಜಿಂಕೆ ಅಕ್ಕ. ಹಿಂದೆ ತಿರುಗಿ ಬೀದಿಯವರಿಗೆ ಕಣ್ಸನ್ನೆ ಮಾಡಿದಳು.

"ಸೋಕಿಲ್ಲ ಟೀಚರಮ್ಮಾ, ದೇವರಾಣೆ!" ಎಂದ ಸೈಕಲ್ಲಿನವನು, ಕೆಂಪು ಬೆರಳುಗಳನ್ನು ಬೆನ್ನ ಹಿಂದೆ ಮಡಚಿಕೊಂಡು.

"ಬೀರು ಬಾಗಿಲು ತೆಗೆದ ಸದ್ದು ಕೂಡ ನಾನು ಕೇಳಿಲ್ಲ," ಎಂದರು ಯಜಮಾನರು.

"ಮಕ್ಕಳು ಬಂದು ಕೇಳಿದ್ರೂ ಕೊಟ್ಟಿಲ್ಲ ಇವರು," ನರ್ಸಮ್ಮ ಒಂದು ಹೆಜ್ಜೆ ಮುಂದೆ ಹೋದಳು. "ಓಡಿಸಿಬಿಡ್ತಿದ್ರು."

ಒಂದೊಂದು ಸಾಕ್ಷಿಗೂ ಟೀಚರ ಮುಖ ಬಾಡುತ್ತಾ ಹೋಯಿತು. ಕೊನೆಗೆ ಬಳೆಯನ್ನು ಎತ್ತಿದರು. ಅದರ ಒಳಬದಿಯನ್ನು ಹೆಬ್ಬೆರಳಿನಿಂದ ಸವರುತ್ತಾ ನಿಂತುಬಿಟ್ಟರು. ಮರ ಅಲ್ಲಿ ನುಣ್ಣಗೆ ಹೊಳೆಯುತ್ತಿತ್ತು.

"ಇದು ಬೀರುವಿನಲ್ಲಿ ಮಲಗಿದ್ದ ಬಳೆ ಅಲ್ಲ," ಎಂದರು ಮೆಲ್ಲಗೆ. "ಯಾರೋ ಇದನ್ನ ದಿನಾ ಮುಟ್ಟಿದ್ದಾರೆ."

ಜಿಂಕೆ ಅಕ್ಕನ ಕಣ್ಣು ತುಂಬಿ ಬಂತು. ಅದನ್ನು ನೋಡಲಾರದೆ ರೇಡಿಯೋ ಅತ್ತಿಗೆ ಜನರನ್ನು ಸರಿಸಿಕೊಂಡು ಮುಂದೆ ಬಂದು, ಮಾಡದ ಕಳ್ಳತನವನ್ನೂ ಮೈಮೇಲೆ ಹಾಕಿಕೊಂಡಳು.

"ತಪ್ಪೆಲ್ಲ ನಂದು ಟೀಚರಮ್ಮಾ! ಅಕ್ಕನಿಗೆ ಏನೂ ಗೊತ್ತಿಲ್ಲ, ಅವರನ್ನ ಬೈಬೇಡಿ. ಅವರು ಡ್ಯೂಟಿಗೆ ಹೋದಾಗ ನಾನೇ ಕದ್ದು ತಗೊಂಡೆ. ಡಾಕ್ಟ್ರು ಸೊಂಟ ಕರಗಿಸಿ ಅಂದ್ರು. ಯಾರಾದ್ರೂ ನೋಡಿದ್ರೆ ನಾಚಿಕೆ ಅಲ್ವಾ? ಬಾಗಿಲು ಹಾಕ್ಕೊಂಡು, ರೇಡಿಯೋ ಜೋರಾಗಿಟ್ಟು, ದಿನಾ ಬೆಳಗ್ಗೆ ತಿರುಗಿಸ್ತೀನಿ. ಸೊಂಟ ಎಲ್ಲೂ ಹೋಗಲಿಲ್ಲ, ಆದ್ರೆ ಬಿಡೋಕೂ ಆಗಲಿಲ್ಲ. ಒಂದು ದಿನ ತಪ್ಪಿದ್ರೆ ಊಟ ಸೇರಲ್ಲ ನನಗೆ. ಈಗ ಕೈಲೂ ತಿರುಗುತ್ತೆ, ಕತ್ತಿನಲ್ಲೂ ತಿರುಗುತ್ತೆ..."

"ತಿರುಗಿಸು, ನೋಡೋಣ," ಎಂದರು ಟೀಚರ್.

"ಇಲ್ಲೇ? ಗಂಡಸರೆಲ್ಲ ಇದ್ದಾರೆ!"

"ಅವರು ಕಣ್ಣು ಮುಚ್ಚಿಕೊಳ್ತಾರೆ."

ಯಾರೂ ಮುಚ್ಚಿಕೊಳ್ಳಲಿಲ್ಲ. ಅತ್ತಿಗೆ ಸೆರಗು ಬಿಗಿದು, ಬಳೆಯನ್ನು ಸೊಂಟಕ್ಕೆ ತೊಡಿಸಿ ಒಂದು ತಳ್ಳು ತಳ್ಳಿದಳು. ಬಳೆ ಹಳೆಯ ಗೆಳತಿಯ ಮನೆಗೆ ಬಂದಂತೆ ಸರಾಗವಾಗಿ ಸುತ್ತಿತು. ಸೊಂಟದಿಂದ ಎದೆಗೆ, ಎದೆಯಿಂದ ತೋಳಿಗೆ, ತೋಳಿನಿಂದ ಮೇಲಕ್ಕೆ ಹಾರಿ ಮತ್ತೆ ಕೈಗೆ. ಅಷ್ಟು ಹೊತ್ತೂ ಅತ್ತಿಗೆಯ ಬಾಯಿ ಮುಚ್ಚಿತ್ತು. ಬೀದಿಯವರು ಬೆರಗಾದದ್ದು ಬಳೆಗಿಂತ ಅದಕ್ಕೇ.

ಟೀಚರ ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು, ನಗುತ್ತಿದ್ದರು. "ನಮ್ಮ ಆಟದಲ್ಲಿ ಸಾಮಾನು ಸುಮ್ಮನೆ ನಿಂತರೆ ತಪ್ಪು. ಕೈಲಿದ್ದದ್ದು ಚಲಿಸ್ತಾನೇ ಇರಬೇಕು, ಜೀವ ಇದ್ದ ಹಾಗೆ. ಅಧ್ಯಕ್ಷರೇ, ನಿಮ್ಮ ಗಾಜಿನ ಪೆಟ್ಟಿಗೆ ವಿಷಯ ಕೇಳಿ ನನಗೆ ಸಂಕಟವಾಗಿತ್ತು. ಯಾರಾದ್ರೂ ಒಬ್ಬರು ಇವನ್ನ ಆಡಿಸಿದ್ದಾರೇನೋ ಅಂತ ನೋಡೋಕೇ ಬಂದೆ. ಮಕ್ಕಳ ಕ್ಲಾಸು ಈಕೆ ನಡೆಸಲಿ. ಬಳೆ ಈಕೆ ಹತ್ತಿರವೇ ಇರಲಿ."

ಜಿಂಕೆ ಅಕ್ಕ ಟೀಚರ ಕೈ ಹಿಡಿದುಕೊಂಡಳು. "ಟೀಚರ್! ಎಲ್ಲರೂ ಆಡಿಸಿದ್ದಾರೆ ಟೀಚರ್! ನಾನು ಸುಳ್ಳು ಹೇಳಿದೆ. ಹಗ್ಗದಲ್ಲಿ ಬಟ್ಟೆ ಒಣಗಿಸಿದ್ದಾರೆ, ಈ ಕ್ಲಬ್ಬಲ್ಲಿ ನಮ್ಮತ್ತೆ ಮೆಣಸು ಕುಟ್ಟಿದ್ದಾರೆ! ಕೇಳಿ ಬೇಕಾದ್ರೆ!"

ಟೀಚರ್ ಅತ್ತೆಯ ಕಡೆ ತಿರುಗಿದರು. ಅತ್ತೆ ಸೊಸೆಗೆ ಕೊಟ್ಟ ಮಾತನ್ನು ಜೀವಮಾನದಲ್ಲಿ ಮೊದಲ ಬಾರಿಗೆ ಅಕ್ಷರಶಃ ಉಳಿಸಿಕೊಂಡರು.

"ನಾನು ಅಂಥ ಕೆಲಸ ಮಾಡ್ತೀನಾ? ಬೆರಳೂ ಸೋಕಿಲ್ಲ."

"ನನ್ನ ಮನೇಲಿ ಹಗ್ಗ ಎಲ್ಲಿದೆ?" ಎಂದಳು ನರ್ಸಮ್ಮ. ಸೈಕಲ್ಲಿನವನು ಮತ್ತೊಮ್ಮೆ ಆಣೆ ಹಾಕಿದ. ಯಜಮಾನರು ಹೆಂಡತಿಯ ಬೆನ್ನು ಸವರಿ, "ಬೆಳಗ್ಗೆಯಿಂದ ಏನೂ ತಿಂದಿಲ್ಲ ಟೀಚರ್, ಏನೇನೋ ಹೇಳ್ತಾಳೆ. ಜೋಪಾನ ಅಂದ್ರೆ ಇವಳೇ," ಎಂದರು.

ಎಲ್ಲರೂ ಅವಳ ಮೇಲಿನ ಪ್ರೀತಿಗಾಗಿಯೇ ಹೇಳುತ್ತಿದ್ದರು. ಆ ಪ್ರೀತಿಯ ಮುಂದೆ ಅವಳ ನಿಜಕ್ಕೆ ಕಾಲೂರಲು ಜಾಗವಿರಲಿಲ್ಲ. ಅಷ್ಟು ಗದ್ದಲದ ನಡುವೆಯೂ ಅವಳಿಗೆ ಒಂದು ಮಾತು ಹೊಳೆಯಿತು. ಬೀದಿಯಲ್ಲಿ ಎಲ್ಲರ ಬೆರಳೂ ಈ ಸಾಮಾನಿಗೆ ಸೋಕಿತ್ತು. ಸೋಕದೆ ಉಳಿದದ್ದು ಅವಳೊಬ್ಬಳದೇ.

"ಅಳಬೇಡ ಜಿಂಕೇ," ಟೀಚರ್ ಅವಳ ತಲೆ ನೇವರಿಸಿದರು. "ಬೇಸರ ಇಲ್ಲ ನನಗೆ. ಜೋಪಾನ ಮಾಡೋರೂ ಬೇಕಲ್ಲ." ಎಂದು ಗಾಜಿನ ಪೆಟ್ಟಿಗೆಯ ಬೀಗದ ಕೈಯನ್ನು ಅವಳ ಅಂಗೈಯಲ್ಲಿಟ್ಟು ಮಡಚಿದರು. ಸಭೆ ಚಪ್ಪಾಳೆ ತಟ್ಟಿತು. ಅಧ್ಯಕ್ಷರು ಮಾತ್ರ ತಟ್ಟಲಿಲ್ಲ. ಅವರ ಎರಡೂ ಕೈಯಲ್ಲಿ ಕ್ಲಬ್ಬು ಅಂಟಿಕೊಂಡೇ ಇತ್ತು.

ಮನೆಯ ದಾರಿಯಲ್ಲಿ ಎಲ್ಲರೂ ಗೆದ್ದವರಂತೆ ಮಾತಾಡಿಕೊಂಡು ನಡೆದರು. ಒಬ್ಬೊಬ್ಬರಾಗಿ ಅವಳ ಪಕ್ಕಕ್ಕೆ ಬಂದರು. ಬೀಗದ ಕೈ ಹೇಗೂ ನಿಮ್ಮ ಹತ್ತಿರವೇ ಇದೆಯಲ್ಲ ಅಕ್ಕಾ, ಹಗ್ಗ ಯಾವಾಗ ವಾಪಸ್ಸು ಎಂದು ನರ್ಸಮ್ಮ. ಒಂದಾದರೂ ಕ್ಲಬ್ಬು ಬೇಕೇ ಬೇಕು ಎಂದು ಅತ್ತೆ. ಚೆಂಡಿಲ್ಲದ ಬೆನ್ನನ್ನು ಒತ್ತಿಕೊಳ್ಳುತ್ತಾ ಯಜಮಾನರು.

ಕೊನೆಗೆ ರೇಡಿಯೋ ಅತ್ತಿಗೆ, ಬಳೆಯನ್ನು ಹೆಗಲಿಗೆ ನೇತುಹಾಕಿಕೊಂಡು ಬಂದಳು.

"ಅಕ್ಕಾ, ಕೋಪಾನಾ?"

"ಇಲ್ಲ ಕಣೇ."

"ನನಗೆ ಬಳೆ ಒಂದೇ ಬರೋದು. ಮಿಕ್ಕ ನಾಲ್ಕರ ಗಂಧಗಾಳಿಯೂ ಇಲ್ಲ. ರಿಬ್ಬನ್ ಅಂತಾರಲ್ಲ, ಅದನ್ನ ಹೇಗೆ ಬೀಸಬೇಕು?"

ಜಿಂಕೆ ಅಕ್ಕ ನಾಲ್ಕು ಹೆಜ್ಜೆ ಹೋಗಿ ನಿಂತಳು. ಬರಿಗೈಯನ್ನು ನಿಧಾನವಾಗಿ ಮೇಲೆತ್ತಿ, ಮಣಿಕಟ್ಟನ್ನು ಮಾತ್ರ ತಿರುಗಿಸುತ್ತಾ, ಸಂಜೆಗಾಳಿಯಲ್ಲಿ ಒಂದು ಉದ್ದನೆಯ ಸುರುಳಿ ಬರೆದಳು. ಬೆನ್ನು ತಾನಾಗಿ ನೆಟ್ಟಗಾಯಿತು, ಹಿಮ್ಮಡಿ ನೆಲ ಬಿಟ್ಟಿತು. ಎಲ್ಲೋ ಯಾರೋ ಟಕ್ ಎಂದು ಬಡಿದ ಹಾಗಾಯಿತು. ಬೀದಿಯವರು ಮಾತು ನಿಲ್ಲಿಸಿ ನೋಡುತ್ತಾ ನಿಂತರು.

"ಅಯ್ಯೋ, ಅಷ್ಟು ಬೇಗ ಮಾಡಿದ್ರೆ ನನಗೆ ಹೇಗೆ ಗೊತ್ತಾಗಬೇಕು?" ಅತ್ತಿಗೆ ಸೊಂಟದ ಮೇಲೆ ಕೈಯಿಟ್ಟಳು. "ಇನ್ನೊಂದ್ಸಲ, ನಿಧಾನ. ನಾಳೆ ಮಕ್ಕಳ ಮುಂದೆ ನಿಲ್ಲಬೇಕಾದವಳು ನಾನಲ್ವಾ ಅಕ್ಕಾ? ನಿಮಗೇನು, ಬೀಗ ಹಾಕಿದ್ರೆ ಮುಗೀತು."